ನೆರಳು-ಬೆಳಕಿನ ಸ್ಟುಡಿಯೊ ಭಾವಚಿತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಖದ ಒಂದು ಪಾಲು ಬೆಳಕಿನಲ್ಲಿದ್ದು, ಇನ್ನೊಂದು ಪಾಲು ನೆರಳಿಗೆ ಸರಿದು, ಹಿನ್ನೆಲೆ ಕಪ್ಪಿನಲ್ಲಿ ಕರಗಿಹೋದಂತಿರುವ ಭಾವಚಿತ್ರಗಳನ್ನು ತೆಗೆಸಿಕೊಳ್ಳಲು ನಮ್ಮ ಸ್ಟುಡಿಯೊಗೆ ಬರುವವರೂ ತೆಗೆಯುವುದನ್ನು ಕಲಿಯಲು ಬರುವವರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅವನ್ನು ಇಲ್ಲಿ ಒಟ್ಟುಮಾಡಿ ಉತ್ತರಿಸಲಾಗಿದೆ. ಬೆಂಗಳೂರಿನ ಸಾಮಾನ್ಯ ಮನೆಯ ಕೋಣೆ, ಇಲ್ಲಿನ ಪೇಟೆಯಲ್ಲಿ ಸಿಗುವ ಸಾಮಾನು, ಇಲ್ಲಿನವರ ಮೈಬಣ್ಣ ಮತ್ತು ಉಡುಪುಗಳನ್ನು ಗಮನದಲ್ಲಿಟ್ಟುಕೊಂಡೇ ಉತ್ತರಗಳನ್ನು ಬರೆಯಲಾಗಿದೆ.

ಚಿತ್ರ ಕತ್ತಲಾಗಿ ಬಂದರೆ ಅದೇ ನಾಟಕೀಯ ಚಿತ್ರವಲ್ಲವೇ?

ಬೆಳಕು ಸಾಲದೆ ಮಂಕಾದ ಚಿತ್ರಕ್ಕೂ ನೆರಳನ್ನು ಬೇಕೆಂದೇ ಉಳಿಸಿಕೊಂಡ ಚಿತ್ರಕ್ಕೂ ಬಹಳ ಅಂತರವಿದೆ. ಎರಡನೆಯದರಲ್ಲಿ ಬೆಳಕು ಬಿದ್ದ ಭಾಗ, ಅದು ಒಂದು ಕೆನ್ನೆ ಮತ್ತು ಹಣೆಯ ಅಂಚಿನಷ್ಟೇ ಇರಲಿ, ಸರಿಯಾದ ಎಕ್ಸ್‌ಪೋಷರ್ ಪಡೆದಿರುತ್ತದೆ. ಉಳಿದದ್ದು ಮಾತ್ರ ಕಪ್ಪಿಗೆ ಇಳಿದಿರುತ್ತದೆ. ಕ್ಯಾಮೆರಾದ ಹಿಸ್ಟೋಗ್ರಾಂ (ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ಎಷ್ಟಿದೆ ಎಂದು ತೋರಿಸುವ ನಕ್ಷೆ) ನೋಡಿದರೆ ಇದು ಕೂಡಲೇ ತಿಳಿಯುತ್ತದೆ. ಮಂಕಾದ ಚಿತ್ರದಲ್ಲಿ ಗೆರೆಗಳೆಲ್ಲ ಎಡಕ್ಕೆ ಗುಂಪುಗೂಡಿ ಬಲಭಾಗ ಖಾಲಿ ಬಿದ್ದಿರುತ್ತದೆ. ಸರಿಯಾಗಿ ಬೆಳಗಿದ ಚಿತ್ರದಲ್ಲಿ ಗುಂಪು ಎಡಕ್ಕಿದ್ದರೂ ತೆಳುವಾದ ಒಂದು ಬಾಲ ಬಲಗಡೆಗೆ ಸಾಕಷ್ಟು ದೂರ ಚಾಚಿರುತ್ತದೆ. ಎಲ್ಲಿಗೆ ಬೆಳಕು ಬೇಡ ಎಂಬುದನ್ನು ಲೈಟು ಹೊತ್ತಿಸುವ ಮುಂಚೆಯೇ ತೀರ್ಮಾನಿಸಿರಬೇಕು. ಮುಂದೆ ಬರುವ ಉತ್ತರಗಳಲ್ಲಿ ಹೆಚ್ಚಿನವು ಬೆಳಕನ್ನು ತಡೆಯುವುದನ್ನು ಕುರಿತೇ ಇರುವುದಕ್ಕೆ ಇದೇ ಕಾರಣ.

ನನ್ನ ಬಳಿ ಇರುವುದು ಒಂದೇ ಲೈಟು. ಸಾಕಾಗುತ್ತದೆಯೇ?

ಸಾಕಾಗುತ್ತದೆ. ಎರಡು ಮೂರು ಲೈಟುಗಳಿದ್ದರೂ ಕಲಿಯುವ ಕಾಲದಲ್ಲಿ ಒಂದನ್ನೇ ಬಳಸುವುದು ಮೇಲು, ಏಕೆಂದರೆ ನೆರಳು ಯಾವ ಲೈಟಿನಿಂದ ಬಂತು ಎಂಬ ಗೊಂದಲ ಆಗ ಇರುವುದಿಲ್ಲ.

ಲೈಟನ್ನು ಕುಳಿತವರ ಮುಖಕ್ಕೆ ಸುಮಾರು 45 ಡಿಗ್ರಿ ಪಕ್ಕಕ್ಕೆ, ಕಣ್ಣಿನ ಮಟ್ಟಕ್ಕಿಂತ ಒಂದೆರಡು ಅಡಿ ಎತ್ತರದಲ್ಲಿಟ್ಟು, ಮಾಡೆಲಿಂಗ್ ಲ್ಯಾಂಪ್ (ನೆರಳು ಎಲ್ಲಿ ಬೀಳುತ್ತದೆಂದು ನೋಡಲು ಫ್ಲ್ಯಾಶಿನಲ್ಲಿ ಸದಾ ಉರಿಯುವ ದೀಪ) ಹಾಕಿಕೊಂಡು ಗೇಣು ಗೇಣಾಗಿ ಪಕ್ಕಕ್ಕೆ ಸರಿಸುತ್ತ ಹೋಗಿ. ಮೂಗಿನ ನೆರಳು ಉದ್ದವಾಗುತ್ತ ಬಂದು ಒಂದು ಹಂತದಲ್ಲಿ ಕೆನ್ನೆಯ ನೆರಳನ್ನು ಮುಟ್ಟುತ್ತದೆ. ಆಗ ಕತ್ತಲ ಬದಿಯ ಕಣ್ಣಿನ ಕೆಳಗೆ ಬೆಳಕಿನ ಸಣ್ಣ ತ್ರಿಕೋನವೊಂದು ಉಳಿಯುತ್ತದೆ. ಡಚ್ ಚಿತ್ರಕಾರ ರೆಂಬ್ರಾಂಟ್ (1606–1669) ತನ್ನ ಭಾವಚಿತ್ರಗಳಲ್ಲಿ ಇಂಥ ಬೆಳಕನ್ನು ಬಳಸಿದ್ದರಿಂದ ಇದಕ್ಕೆ ಅವನ ಹೆಸರೇ ನಿಂತಿದೆ. ತ್ರಿಕೋನವು ಅಗಲದಲ್ಲಿ ಕಣ್ಣನ್ನೂ ಉದ್ದದಲ್ಲಿ ಮೂಗನ್ನೂ ಮೀರದಿದ್ದರೆ ನೋಡಲು ಚೆನ್ನಾಗಿರುತ್ತದೆ. ಇನ್ನೂ ಸರಿಸಿ ಲೈಟನ್ನು ಪೂರ್ತಿ ಪಕ್ಕಕ್ಕೆ ತಂದರೆ ಮುಖ ಮೂಗಿನ ಗೆರೆಯಲ್ಲಿ ಎರಡು ಹೋಳಾಗುತ್ತದೆ. ಇದು ಎಲ್ಲ ಮುಖಗಳಿಗೂ ಒಗ್ಗುವುದಿಲ್ಲ, ಖಳನಾಯಕನ ಪಾತ್ರದ ನಟನಿಗೆ ಒಗ್ಗುವಷ್ಟು ಸಲೀಸಾಗಿ ಕವಯಿತ್ರಿಯೊಬ್ಬರಿಗೆ ಒಗ್ಗಲಾರದು.

ಇನ್ನೂ ಎರಡು ಸಂಗತಿಗಳಿವೆ. ಮುಖವನ್ನು ಸ್ವಲ್ಪ ತಿರುಗಿಸಿ ಕುಳಿತಾಗ ಒಂದು ಕೆನ್ನೆ ಕ್ಯಾಮೆರಾಕ್ಕೆ ಅಗಲವಾಗಿಯೂ ಇನ್ನೊಂದು ಕಿರಿದಾಗಿಯೂ ಕಾಣುತ್ತದೆ. ಕಿರಿದಾಗಿ ಕಾಣುವ ಕಡೆಯಿಂದ ಬೆಳಕು ಬಂದರೆ ಅಗಲವಾದ ಕೆನ್ನೆ ನೆರಳಿಗೆ ಬಿದ್ದು ಮುಖಕ್ಕೆ ಆಳ ಬರುತ್ತದೆ; ನಮಗೆ ಬೇಕಾದ ಗಾಂಭೀರ್ಯದ ಬಹುಪಾಲು ಈ ಒಂದು ಬದಲಾವಣೆಯಿಂದಲೇ ದೊರೆಯುತ್ತದೆ. ಎರಡನೆಯದು, ಕಣ್ಣುಗುಡ್ಡೆಯಲ್ಲಿ ಬೆಳಕಿನ ಚುಕ್ಕೆ ಇರಲೇಬೇಕು. ಹುಬ್ಬಿನ ಎಲುಬು ಮುಂದಕ್ಕೆ ಚಾಚಿ ಕಣ್ಣು ಒಳಕ್ಕೆ ಸರಿದಿರುವ ಮುಖಗಳಲ್ಲಿ ಲೈಟು ಎತ್ತರವಾದರೆ ಈ ಚುಕ್ಕೆ ಮಾಯವಾಗಿ ಕಣ್ಣು ಕುಳಿಯಂತೆ ಕಾಣುತ್ತದೆ. ಅಂಥವರಿಗೆ ಲೈಟನ್ನು ಇಳಿಸಬೇಕು, ಇಲ್ಲವೇ ಗಲ್ಲವನ್ನು ಸ್ವಲ್ಪ ಮೇಲೆತ್ತಲು ಹೇಳಬೇಕು.

ಹಿಂದೆ ಕಪ್ಪು ಪರದೆ ಕಟ್ಟಿದರೂ ಚಿತ್ರದಲ್ಲಿ ಅದು ಬೂದು ಬಣ್ಣಕ್ಕೆ ಬರುತ್ತದೆ. ಏಕೆ?

ಪರದೆಯ ಮೇಲೆ ಬೆಳಕು ಬೀಳುತ್ತಿದೆ, ಅಷ್ಟೆ. ಚಿಕ್ಕ ಲೈಟಿನ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ, ಅಂದರೆ ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಲೈಟು ಮುಖದಿಂದ 6 ಅಡಿ ದೂರದಲ್ಲಿದ್ದು ಹಿನ್ನೆಲೆ ಲೈಟಿನಿಂದ 12 ಅಡಿ ದೂರದಲ್ಲಿದ್ದರೆ, ಹಿನ್ನೆಲೆಗೆ ಬೀಳುವುದು ಮುಖದ ಬೆಳಕಿನ ಕಾಲುಭಾಗ, ಎಂದರೆ ಎರಡು ಸ್ಟಾಪ್ ಕಡಿಮೆ (ಬೆಳಕು ಅರ್ಧಕ್ಕಿಳಿದರೆ ಒಂದು ಸ್ಟಾಪ್). ಅದೇ ಲೈಟನ್ನು ಮುಖದಿಂದ 2 ಅಡಿ ದೂರಕ್ಕೆ ತಂದು, ಹಿನ್ನೆಲೆ ಲೈಟಿನಿಂದ 8 ಅಡಿ ದೂರವಿರುವಂತೆ ಮಾಡಿದರೆ ಹಿನ್ನೆಲೆಗೆ ಬೀಳುವುದು 16ನೇ ಒಂದು ಭಾಗ, ನಾಲ್ಕು ಸ್ಟಾಪ್ ಕಡಿಮೆ. ಹೀಗೆ ಮಾಡಿದಾಗ ಬೂದು ಗೋಡೆಯೂ ಕಪ್ಪಿನ ಹತ್ತಿರಕ್ಕೆ ಬರುತ್ತದೆ, ಬಿಳಿ ಗೋಡೆ ಸಹ ಗಾಢ ಬೂದಾಗುತ್ತದೆ. ಕುಳಿತವರನ್ನು ಗೋಡೆಯಿಂದ ಮುಂದಕ್ಕೆ ತರುವುದು, ಲೈಟನ್ನು ಅವರಿಗೆ ಹತ್ತಿರ ತರುವುದು: ದುಡ್ಡು ಖರ್ಚಿಲ್ಲದ ಈ ಎರಡು ಉಪಾಯಗಳನ್ನು ಮಾಡಿ ನೋಡಿದ ಮೇಲೆ ಹೊಸ ಪರದೆ ಕೊಳ್ಳುವ ಯೋಚನೆ ಮಾಡಿದರೆ ಸಾಕು.

ಪರದೆ ಕೊಳ್ಳಲೇಬೇಕೆಂದಿದ್ದರೆ ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಲ್ಲಿ ಕಪ್ಪು ವೆಲ್ವೆಟ್ ಕೇಳಿ. ವೆಲ್ವೆಟ್ಟಿನ ನೆಟ್ಟನೆಯ ಎಳೆಗಳು ಬೆಳಕನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತವೆ. ಸ್ಯಾಟಿನ್ ಅಥವಾ ಹೊಳಪಿನ ಪಾಲಿಯೆಸ್ಟರ್ ಎಷ್ಟು ಕಪ್ಪಾಗಿದ್ದರೂ ಮಡಿಕೆ ಮಡಿಕೆಯಲ್ಲೂ ಮಿರುಗುತ್ತದೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಬಟ್ಟೆಯನ್ನು ಓರೆಯಾಗಿ ಹಿಡಿದು ನೋಡಿದರೆ ವ್ಯತ್ಯಾಸ ಅಲ್ಲೇ ಕಾಣುತ್ತದೆ.

ನಮ್ಮ ಮನೆಯ ಕೋಣೆ 10 ಅಡಿಗೆ 12 ಅಡಿ, ಗೋಡೆಗಳೆಲ್ಲ ಬಿಳಿ. ಇಲ್ಲಿ ಇಂಥ ಚಿತ್ರ ಸಾಧ್ಯವೇ?

ಮೂವತ್ತು-ನಲವತ್ತು ಸೈಟಿನಲ್ಲಿ ಕಟ್ಟಿದ ಮನೆಗಳಲ್ಲಿ ವಾಸಿಸುವ ನಮ್ಮೂರಿನ ಬಹುತೇಕ ಹವ್ಯಾಸಿಗಳ ಪ್ರಶ್ನೆ ಇದೇ. ಸಾಧ್ಯವಿದೆ, ಆದರೆ ಕೋಣೆಯೇ ನಿಮ್ಮ ಎರಡನೆಯ ಲೈಟು ಎಂಬುದನ್ನು ಮರೆಯಬಾರದು. ಲೈಟಿನಿಂದ ಹೊರಟ ಬೆಳಕು ಎದುರು ಗೋಡೆಗೂ ತಾರಸಿಗೂ ತಾಗಿ ಹಿಂದಿರುಗಿ ಬಂದು ನೀವು ಬಯಸಿದ ನೆರಳನ್ನು ತುಂಬಿಬಿಡುತ್ತದೆ.

ಮೊದಲ ಉಪಾಯ, ಲೈಟಿನ ಬಾಯಿಗೆ ಗ್ರಿಡ್ ಹಾಕುವುದು. ಸಾಫ್ಟ್‌ಬಾಕ್ಸಿನ (ಬೆಳಕನ್ನು ಮೃದುವಾಗಿಸಲು ಲೈಟಿಗೆ ತೊಡಿಸುವ ಬಟ್ಟೆಯ ಪೆಟ್ಟಿಗೆ) ಮುಂದೆ ಅಂಟಿಸುವ ಬಟ್ಟೆಯ ಜಾಲರಿ ಬೆಳಕನ್ನು ಅಕ್ಕಪಕ್ಕಕ್ಕೆ ಚೆಲ್ಲದಂತೆ ತಡೆಯುತ್ತದೆ. ಸಣ್ಣ ಕೋಣೆಗೆ ಬಿಳಿ ಛತ್ರಿ ಬೇಡವೇ ಬೇಡ. ಅದು ಇಡೀ ಕೋಣೆಯನ್ನು ಬೆಳಗುತ್ತದೆ. ಎರಡನೆಯದು, ಮುಖದ ನೆರಳಿನ ಬದಿಗೆ ಒಂದೆರಡು ಅಡಿ ದೂರದಲ್ಲಿ, ಚಿತ್ರದ ಚೌಕಟ್ಟಿಗೆ ಸ್ವಲ್ಪ ಹೊರಗೆ, ಕಪ್ಪು ಹಲಗೆ ನಿಲ್ಲಿಸುವುದು. ದೊಡ್ಡ ಥರ್ಮಾಕೋಲ್ ಶೀಟಿನ ಒಂದು ಬದಿಗೆ ಕಪ್ಪು ಬಣ್ಣ ಬಳಿದರೆ ಹಲಗೆ ಸಿದ್ಧ. ಇನ್ನೊಂದು ಬದಿ ಬಿಳಿಯಾಗಿಯೇ ಇರಲಿ, ನೆರಳನ್ನು ತುಸು ತಿಳಿಯಾಗಿಸಬೇಕಾದಾಗ ತಿರುಗಿಸಿ ಬಳಸಬಹುದು. ಬಣ್ಣ ನೀರಿನಲ್ಲಿ ಕಲಸುವಂಥದ್ದಾಗಿರಬೇಕು, ಏಕೆಂದರೆ ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಪೇಂಟಿನಲ್ಲಿರುವ ದ್ರಾವಕ ಥರ್ಮಾಕೋಲನ್ನು ಕಣ್ಣೆದುರೇ ಕರಗಿಸಿ ಗುಳಿ ಮಾಡುತ್ತದೆ.

ಹಳೆಯ ಬಡಾವಣೆಗಳ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲವಿರುತ್ತದೆ. ಉಜ್ಜಿ ಉಜ್ಜಿ ಕನ್ನಡಿಯಂತಾದ ಆ ನೆಲ ಬೆಳಕನ್ನು ಕೆಂಪಾಗಿಸಿ ಗಲ್ಲದ ಕೆಳಕ್ಕೂ ಮೂಗಿನ ಹೊಳ್ಳೆಗಳ ಕೆಳಕ್ಕೂ ಕಳುಹಿಸುತ್ತದೆ; ಕಾರಣ ತಿಳಿಯದೆ ವೈಟ್ ಬ್ಯಾಲೆನ್ಸ್ (ಚಿತ್ರದ ಒಟ್ಟು ಬಣ್ಣದ ಹೊಂದಾಣಿಕೆ) ತಿದ್ದುತ್ತ ಕುಳಿತವರಿದ್ದಾರೆ. ಕಾಲ ಬಳಿ ಕಪ್ಪು ಕಂಬಳಿ ಹಾಸಿದರೆ ಆ ಕೆಂಪು ಹೋಗುತ್ತದೆ.

ಕ್ಯಾಮೆರಾದ ಸೆಟಿಂಗ್ ಏನಿರಬೇಕು?

ಫ್ಲ್ಯಾಶ್ ಬಳಸುವುದಾದರೆ ಮ್ಯಾನ್ಯುಯಲ್ ಮೋಡ್, ಐಎಸ್‌ಒ 100, ಷಟರ್ 1/160 ಸೆಕೆಂಡು, ಅಪರ್ಚರ್ (ಲೆನ್ಸಿನ ತೆರಪು) ಎಫ್ 8 ಎಂದು ಆರಂಭಿಸಬಹುದು. ಮೊದಲು ಫ್ಲ್ಯಾಶ್ ಆರಿಸಿ ಒಂದು ಚಿತ್ರ ತೆಗೆಯಿರಿ. ಅದು ಪೂರ್ತಿ ಕಪ್ಪಾಗಿ ಬರಬೇಕು. ಬಂದರೆ, ಕೋಣೆಯ ಟ್ಯೂಬ್‌ಲೈಟಿಗೂ ಕಿಟಕಿಗೂ ನಿಮ್ಮ ಚಿತ್ರದಲ್ಲಿ ಪಾಲಿಲ್ಲ ಎಂದರ್ಥ. ಆ ಮೇಲೆ ಫ್ಲ್ಯಾಶ್ ಹಾಕಿ ಅದರ ಶಕ್ತಿಯನ್ನು ಏರಿಳಿಸಿ ಮುಖದ ಬೆಳಕನ್ನು ಹೊಂದಿಸಬೇಕು. ಷಟರ್ ವೇಗವನ್ನು ಬದಲಿಸಿದರೆ ಫ್ಲ್ಯಾಶಿನ ಬೆಳಕು ಬದಲಾಗುವುದಿಲ್ಲ, ಕೋಣೆಯ ಬೆಳಕು ಮಾತ್ರ ಬದಲಾಗುತ್ತದೆ. ಆದರೆ ಕ್ಯಾಮೆರಾದ ಸಿಂಕ್ ವೇಗವನ್ನು (ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ಹೆಚ್ಚಿನ ಷಟರ್ ವೇಗ, ಸಾಮಾನ್ಯವಾಗಿ 1/200 ಅಥವಾ 1/250) ದಾಟಿದರೆ ಚಿತ್ರದ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ ಬರುತ್ತದೆ.

ಎಲ್‌ಇಡಿ ಲೈಟಿಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಷಟರ್ ವೇಗವೂ ಎಕ್ಸ್‌ಪೋಷರಿನ ಭಾಗವೇ. ಸಾಧಾರಣ ಎಲ್‌ಇಡಿಯಾದರೆ ಎಫ್ 8 ಬಿಟ್ಟು ಎಫ್ 2.8ರ ಆಸುಪಾಸಿಗೆ ಬರಬೇಕಾಗುತ್ತದೆ, ಕೋಣೆಯ ಕಿಟಕಿಗಳನ್ನೂ ಮುಚ್ಚಬೇಕಾಗುತ್ತದೆ. ಬೆಳಕು ಬೀಳುವ ರೀತಿ ಕಣ್ಣಿಗೆ ನೇರವಾಗಿ ಕಾಣುವುದರಿಂದ ಕಲಿಯುವವರಿಗೆ ಎಲ್‌ಇಡಿ ಅನುಕೂಲವೆಂಬುದೇನೋ ನಿಜ.

ಯಾವ ಲೆನ್ಸ್?

ಫುಲ್ ಫ್ರೇಮ್ ಕ್ಯಾಮೆರಾಕ್ಕೆ 85 ಮಿಮೀ, ಸಣ್ಣ ಸೆನ್ಸರಿನ ಕ್ಯಾಮೆರಾಕ್ಕೆ 50 ಮಿಮೀ. ಮುಖದ ಆಕಾರವನ್ನು ನಿರ್ಧರಿಸುವುದು ನೀವು ನಿಂತ ದೂರ. 5 ಅಡಿಗಿಂತ ಹತ್ತಿರ ಹೋದರೆ ಮೂಗು ದೊಡ್ಡದಾಗುತ್ತದೆ. ದುಬಾರಿ ಲೆನ್ಸ್ ಕೊಳ್ಳುವ ಹಣ ಇದ್ದರೆ ಅದನ್ನು ಒಳ್ಳೆಯ ಸಾಫ್ಟ್‌ಬಾಕ್ಸಿಗೂ ಗಟ್ಟಿಮುಟ್ಟಾದ ಸ್ಟ್ಯಾಂಡಿಗೂ ಹಾಕುವುದು ಜಾಣತನ.

ಲೈಟೇ ಇಲ್ಲ, ಕಿಟಕಿ ಮಾತ್ರ ಇದೆ ಎಂದರೆ?

ಕಿಟಕಿಯೂ ಒಂದು ದೊಡ್ಡ ಸಾಫ್ಟ್‌ಬಾಕ್ಸ್. ಉತ್ತರದ ಕಿಟಕಿಯೇ ಶ್ರೇಷ್ಠ, ಅಲ್ಲಿ ನೇರ ಬಿಸಿಲು ಬೀಳುವುದೇ ಇಲ್ಲ ಎಂದು ಪುಸ್ತಕಗಳಲ್ಲಿ ಓದಿ ಬರುವವರಿದ್ದಾರೆ. ಅದು ಯುರೋಪಿನ ಚಿತ್ರಕಾರರ ಅನುಭವ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಕಿಟಕಿಯ ಮೇಲೆ ಸಜ್ಜಾ ಇದ್ದರೆ ನಡುಹಗಲಿನ ಬಿಸಿಲು ಒಳಕ್ಕೆ ಬಾರದು, ಆದರೆ ಆ ತಿಂಗಳುಗಳಲ್ಲಿ ಬೆಳಗ್ಗೆ ಮತ್ತು ಸಂಜೆ ಓರೆ ಬಿಸಿಲು ಉತ್ತರದ ಕಿಟಕಿಯಿಂದಲೂ ನುಗ್ಗುತ್ತದೆ. ಆಗ ಒಂದು ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ಕಟ್ಟಿದರೆ ಸಾಕು. ಜೂನ್ ನಂತರದ ಮೋಡದ ದಿನಗಳು ಈ ಕೆಲಸಕ್ಕೆ ಹೇಳಿಮಾಡಿಸಿದಂಥವು.

ಕಿಟಕಿಯ ಕೆಳಗಿನ ಅರ್ಧವನ್ನು ಕಪ್ಪು ಬಟ್ಟೆಯಿಂದ ಮುಚ್ಚಿದರೆ ಬೆಳಕು ಮೇಲಿನಿಂದ ಇಳಿದು ಕೆನ್ನೆಯ ಎಲುಬು, ದವಡೆಗಳು ಸ್ಪಷ್ಟವಾಗುತ್ತವೆ. ಕುಳಿತವರನ್ನು ಕಿಟಕಿಗೆ ಎದುರಾಗಿ ಕೂರಿಸದೆ, ಅದರ ಅಂಚಿನಿಂದ ಒಂದು ಹೆಜ್ಜೆ ಕೋಣೆಯೊಳಕ್ಕೆ ಸರಿಸಿ ಕೂರಿಸಬೇಕು.

ನನ್ನ ಮೈಬಣ್ಣ ಕಪ್ಪು. ನೆರಳಿನ ಚಿತ್ರದಲ್ಲಿ ಮುಖ ಕಾಣದೆ ಹೋಗುವುದಿಲ್ಲವೇ?

ಈ ಪ್ರಶ್ನೆಯನ್ನು ಕೇಳುವವರ ದನಿ ಸಾಮಾನ್ಯವಾಗಿ ಸ್ವಲ್ಪ ತಗ್ಗಿರುತ್ತದೆ. ಅದರ ಅಗತ್ಯ ಖಂಡಿತ ಇಲ್ಲ. ಕಪ್ಪು ಮತ್ತು ಎಣ್ಣೆಗೆಂಪು ಮೈಬಣ್ಣಗಳು ಇಂಥ ಚಿತ್ರಗಳಲ್ಲಿ ತೋರುವಷ್ಟು ಸೊಗಸನ್ನು ಬೆಳ್ಳಗಿನ ಚರ್ಮ ತೋರಲಾರದು ಎಂಬುದು ನಮ್ಮ ಅಭಿಪ್ರಾಯ, ಇದಕ್ಕೆ ಭೌತಿಕ ಕಾರಣವೂ ಇದೆ. ಬೆಳ್ಳಗಿನ ಚರ್ಮ ತನ್ನ ಮೇಲೆ ಬಿದ್ದ ಬೆಳಕನ್ನು ಹೆಚ್ಚಾಗಿ ಚದುರಿಸುತ್ತದೆ, ಆದ್ದರಿಂದ ಮುಖದ ಆಕಾರ ನೆರಳಿನಿಂದಲೇ ತಿಳಿಯಬೇಕು. ಕಪ್ಪು ಚರ್ಮದಲ್ಲಿ ಚದುರುವ ಬೆಳಕು ಕಡಿಮೆಯಾಗಿ ಮೇಲ್ಮೈಯ ಹೊಳಪು ಎದ್ದು ಕಾಣುವುದರಿಂದ ಹಣೆಯ ತಿರುವು, ಮೂಗಿನ ಕಂಬ, ತುಟಿಯ ಅಂಚುಗಳನ್ನು ಆ ಹೊಳಪೇ ಬರೆದು ತೋರಿಸುತ್ತದೆ, ಹಾಸನ ಜಿಲ್ಲೆಯ ದೇವಾಲಯಗಳ ಕರಿಯ ಶಿಲ್ಪಗಳ ಮೇಲೆ ಓರೆ ಬೆಳಕು ಬಿದ್ದಾಗ ಆಗುವಂತೆ. ಆದ್ದರಿಂದ ಇಂಥವರಿಗೆ ಲೈಟಿನ ಶಕ್ತಿ ಹೆಚ್ಚಿಸುವುದಕ್ಕಿಂತ ಅದರ ಬಾಯಿಯ ಅಳತೆಯನ್ನು ಹೆಚ್ಚಿಸಬೇಕು. ದೊಡ್ಡ ಸಾಫ್ಟ್‌ಬಾಕ್ಸನ್ನು ಹತ್ತಿರ ತಂದರೆ ಹೊಳಪು ಚುಕ್ಕೆಯಾಗಿ ಸುಡದೆ ಉದ್ದನೆಯ ಮೃದು ಪಟ್ಟಿಯಾಗಿ ಹರಡುತ್ತದೆ.

ಕ್ಯಾಮೆರಾದೊಳಗಿನ ಮೀಟರ್ ಎದುರಿಗಿರುವ ವಸ್ತು ನಡುಬೂದು ಎಂದೇ ಭಾವಿಸುತ್ತದೆ. ಕಪ್ಪು ಮುಖವನ್ನು ಅಳೆದು ಅದು ಹೇಳಿದಂತೆ ನಡೆದರೆ ಮುಖ ತನ್ನ ಬಣ್ಣ ಕಳೆದುಕೊಂಡು ಬೂದಿ ಬಳಿದಂತಾಗುತ್ತದೆ. ಕೈಯಲ್ಲಿ ಹಿಡಿಯುವ ಫ್ಲ್ಯಾಶ್ ಮೀಟರನ್ನು ಗಲ್ಲದ ಕೆಳಗೆ ಹಿಡಿದು ಬೀಳುವ ಬೆಳಕನ್ನೇ ಅಳೆಯಬೇಕು. ಮುಖಕ್ಕೆ ದಪ್ಪ ಪೌಡರ್ ಬೇಡ. ಬೆವರನ್ನು ಟಿಶ್ಯೂ ಪೇಪರಿನಿಂದ ಒತ್ತಿ ತೆಗೆದರೆ ಸಾಕು. ಚಿತ್ರ ತೆಗೆದ ಮೇಲೆ ಬಣ್ಣವನ್ನು ತಿಳಿಮಾಡಿಕೊಡಿ ಎಂದು, ಹೆಚ್ಚಾಗಿ ಮನೆಯವರು, ಕೇಳುವುದುಂಟು. ನಾವು ಮಾಡಿಕೊಡುವುದಿಲ್ಲ.

ಕಪ್ಪು ಕೂದಲು ಕಪ್ಪು ಹಿನ್ನೆಲೆಯಲ್ಲಿ ಸೇರಿಹೋಗುತ್ತದೆ. ಏನು ಮಾಡಬೇಕು?

ಸೇರಿಹೋದರೆ ತಪ್ಪೇನೂ ಇಲ್ಲ, ಬೇರ್ಪಡಲೇಬೇಕೆಂದಿದ್ದರೆ ಹಿಂದಿನಿಂದ ಓರೆಯಾಗಿ ಇನ್ನೊಂದು ಲೈಟು ಹಾಕಬೇಕು. ಕಿರಿದಾದ ಸ್ಟ್ರಿಪ್ ಸಾಫ್ಟ್‌ಬಾಕ್ಸನ್ನು ಗ್ರಿಡ್ ಸಹಿತ ಕುಳಿತವರ ಹಿಂದೆ ಒಂದು ಪಕ್ಕಕ್ಕಿಟ್ಟು, ಅದು ಲೆನ್ಸಿನ ಕಡೆ ಇಣುಕದಂತೆ ನೋಡಿಕೊಳ್ಳಬೇಕು. ಕಪ್ಪು ಕೂದಲಿಗೆಂದು ಅದರ ಶಕ್ತಿಯನ್ನು ಮುಖ್ಯ ಲೈಟಿನಷ್ಟೇ ಇಡುವುದು ವಾಡಿಕೆ. ಆದರೆ ಮಲ್ಲಿಗೆ ಮುಡಿದವರಿದ್ದರೆ ಒಂದು ಸ್ಟಾಪ್ ಇಳಿಸಿ. ಇಲ್ಲವಾದರೆ ಮೊದಲು ಸುಟ್ಟುಹೋಗುವುದು ಹೂವಿನ ಎಸಳುಗಳೇ. ಕೂದಲಿಗೆ ಹದವಾಗಿ ಕೊಬ್ಬರಿ ಎಣ್ಣೆ ಹಚ್ಚಿದ್ದರೆ ಬೆಳಕಿನ ಗೆರೆ ಚೊಕ್ಕವಾಗಿ ಬರುತ್ತದೆ.

ಕನ್ನಡಕದಲ್ಲಿ ಲೈಟು ಕಾಣಿಸುತ್ತದೆ. ತೆಗೆದುಬಿಡಲೇ?

ಬೇಡ. ವರ್ಷಗಟ್ಟಲೆ ಕನ್ನಡಕ ಹಾಕಿಕೊಂಡವರ ಮುಖ ಅದಿಲ್ಲದೆ ಬೇರೆಯವರದ್ದೆಂಬಂತೆ ಕಾಣುತ್ತದೆ. ಲೈಟನ್ನು ಸ್ವಲ್ಪ ಎತ್ತರಿಸಿ, ಇನ್ನಷ್ಟು ಪಕ್ಕಕ್ಕೆ ಒಯ್ಯಿರಿ. ಆಗಲೂ ಪ್ರತಿಬಿಂಬ ಉಳಿದರೆ ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಒಂದು ಬೆರಳಿನಷ್ಟು ಎತ್ತಿ ಕೂರಿಸಿದರೆ ಗಾಜು ಕೆಳಕ್ಕೆ ಬಾಗಿ ಪ್ರತಿಬಿಂಬ ಲೆನ್ಸಿನಿಂದ ತಪ್ಪಿಹೋಗುತ್ತದೆ.

ಯಾವ ಉಡುಪು ಒಳ್ಳೆಯದು?

ಗಾಢ ಬಣ್ಣದ, ಹೊಳಪಿಲ್ಲದ, ಚಿತ್ತಾರ ಕಡಿಮೆಯಿರುವ ಬಟ್ಟೆ: ಖಾದಿ, ಇಳಕಲ್ ಹತ್ತಿ ಸೀರೆ, ಉಣ್ಣೆಯ ಶಾಲು. ಜರಿ ಅಂಚಿನ ರೇಷ್ಮೆ ಸೀರೆಯನ್ನೇ ಉಡಬೇಕೆಂದಿದ್ದರೆ ಸೆರಗನ್ನು ನೆರಳಿನ ಬದಿಗೆ ಬರುವಂತೆ ಹೊದೆಯಬೇಕು. ಬಿಳಿ ಷರ್ಟು ಮುಖಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ.

ಮುಖದಲ್ಲಿ ಆ ಭಾವ ಬರುವುದು ಹೇಗೆ? ಸಿಟ್ಟಾಗಿ ನೋಡಬೇಕೇ?

ಸಿಟ್ಟನ್ನು ನಟಿಸಲು ಹೋದವರ ಹುಬ್ಬು ಗಂಟಾಗುತ್ತದೆ, ಕಣ್ಣು ಮಾತ್ರ ಫೋಟೊ ಆಯಿತೇ ಎಂದು ಕೇಳುತ್ತಿರುತ್ತದೆ. ಒಟ್ಟಾವಾದಲ್ಲಿ 1941ರ ಡಿಸೆಂಬರ್ 30ರಂದು ಛಾಯಾಗ್ರಾಹಕ ಯೂಸುಫ್ ಕಾರ್ಷ್ ಅವರು ಬ್ರಿಟನ್ನಿನ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಅವರ ಬಾಯಿಂದ ಚುಟ್ಟಾವನ್ನು ಕಿತ್ತುಕೊಂಡ ಕೂಡಲೇ ತೆಗೆದ ಚಿತ್ರ ಜಗತ್ಪ್ರಸಿದ್ಧವಾದದ್ದು ನಿಜ, ಆದರೆ ಎಲ್ಲರ ಮೇಲೂ ಅಂಥ ಪ್ರಯೋಗ ಮಾಡಲು ಬರುವುದಿಲ್ಲ. ಆ ಚಿತ್ರದಿಂದ ಕಲಿಯಬೇಕಾದದ್ದು ಬೇರೆ: ಭಾವ ಬರುವುದು ಎದುರಿಗೆ ನಡೆದ ಯಾವುದಾದರೂ ಸಂಗತಿಗೆ ಪ್ರತಿಕ್ರಿಯೆಯಾಗಿ.

ನಮ್ಮಲ್ಲಿ ಹಿರಿಯರು ಕ್ಯಾಮೆರಾ ಕಂಡ ಕೂಡಲೇ ಪಾಸ್‌ಪೋರ್ಟ್ ಫೋಟೊಗೆ ಕುಳಿತಂತೆ ಬೆನ್ನು ಸೆಟೆಸಿ ಉಸಿರು ಬಿಗಿಹಿಡಿಯುತ್ತಾರೆ. ಉಸಿರು ಪೂರ್ತಿ ಹೊರಬಿಡಲು ಹೇಳಿ, ಬಿಟ್ಟು ಮುಗಿದ ಕ್ಷಣದಲ್ಲಿ ಷಟರ್ ಒತ್ತಿದರೆ ಹೆಗಲು ಇಳಿದು ದವಡೆ ಸಡಿಲವಾಗಿರುತ್ತದೆ. ಕೈಗೆ ಏನಾದರೂ ಕೆಲಸ ಕೊಡಿ. ನೇಕಾರರಿಗೆ ಲಾಳಿ, ಸಂಗೀತಗಾರರಿಗೆ ಅವರ ತಂಬೂರಿ, ನಿವೃತ್ತ ಮೇಷ್ಟರಿಗೆ ಪೆನ್ನು. ಅವರ ಕೆಲಸದ ವಿಷಯ ಕೇಳಿ, ಉತ್ತರ ಹೇಳಿ ಮುಗಿಸಿದ ಮೇಲೂ ಒಂದೆರಡು ಗಳಿಗೆ ಸುಮ್ಮನಿರಿ. ಹೇಳಿದ್ದನ್ನೇ ಮನಸ್ಸಿನಲ್ಲಿ ಮುಂದುವರಿಸುತ್ತಿರುವ ಮುಖ ಆಗ ಸಿಗುತ್ತದೆ. ರಂಗಭೂಮಿಯ ನಟರಿಗೆ ಸಮಸ್ಯೆ ತಿರುವುಮುರುವು: ಕೇಳಿದ ಕೂಡಲೇ ಭಾವ ಕೊಡುತ್ತಾರೆ, ಆದರೆ ಅದು ಕೊನೆಯ ಸಾಲಿನ ಪ್ರೇಕ್ಷಕರಿಗೆ ತಲುಪುವಷ್ಟು ದೊಡ್ಡದಾಗಿರುತ್ತದೆ. ಕ್ಯಾಮೆರಾಕ್ಕೆ ಅದರ ಕಾಲುಭಾಗ ಸಾಕು ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹೊಗೆ ಬಳಸಬಹುದೇ?

ಬಳಸಬಹುದು. ಹೊಗೆ ಕಾಣಬೇಕಾದರೆ ಬೆಳಕು ಹಿಂದಿನಿಂದ ಬರಬೇಕು, ಮುಂದಿನ ಬೆಳಕಿಗೆ ಅದು ಬರಿಯ ಮಂಜಾಗುತ್ತದೆ. ಊದುಬತ್ತಿಗೆ ಹೆಸರಾದ ಊರಿನಲ್ಲಿದ್ದರೂ ಊದುಬತ್ತಿಯ ಹೊಗೆ ತೆಳುವಾದ ಎಳೆಯಾಗಿ ಏಳುತ್ತದೆಯೇ ಹೊರತು ಕೋಣೆ ತುಂಬುವುದಿಲ್ಲ. ಅದಕ್ಕೆ ಫಾಗ್ ಮಷಿನ್ನೇ ಬೇಕು. ಅಸ್ತಮಾ ಇರುವವರಿದ್ದರೆ ಈ ಆಲೋಚನೆಯನ್ನೇ ಕೈಬಿಡಬೇಕು, ಅಪಾರ್ಟ್‌ಮೆಂಟಿನಲ್ಲಿ ಹೊಗೆ ಸೂಚಕವಿದೆಯೇ ಎಂದೂ ನೋಡಿಕೊಳ್ಳಬೇಕು.

ಕಪ್ಪು-ಬಿಳುಪೋ, ಬಣ್ಣವೋ?

ಚಿತ್ರದ ಭಾರವೆಲ್ಲ ನೆರಳು-ಬೆಳಕಿನ ಮೇಲೆ ನಿಂತಿದ್ದರೆ ಕಪ್ಪು-ಬಿಳುಪು ಒಳ್ಳೆಯದು. ಕಲಿಯುವವರಿಗೆ ಮೈಸೂರಿನಲ್ಲಿ ಹುಟ್ಟಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು, 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಸಿನಿಮಾ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರ ಕೆಲಸವನ್ನು ಗಮನಿಸಲು ಹೇಳುತ್ತೇವೆ. 1959ರ ‘ಕಾಗಜ್ ಕೆ ಫೂಲ್’ ಹಿಂದಿ ಚಿತ್ರದಲ್ಲಿ ಕತ್ತಲ ಸ್ಟುಡಿಯೊದೊಳಕ್ಕೆ ಇಳಿಯುವ ಆ ಬೆಳಕಿನ ಕೋಲನ್ನು ಅವರು ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ ಮಾಡಿದ್ದರು. ಅಲ್ಲಿ ಸುತ್ತಲಿನ ಕತ್ತಲೆಯನ್ನು ಎಷ್ಟು ಕಾಪಾಡಿಕೊಂಡಿದ್ದಾರೆ ಎಂಬುದನ್ನು ನೋಡಬೇಕು.

ಬಣ್ಣದಲ್ಲೇ ತೆಗೆಯುವುದಾದರೆ ಮುಖ್ಯ ಲೈಟಿಗೆ ತೆಳುವಾದ ಕಿತ್ತಳೆ ಜೆಲ್ (ಬಣ್ಣದ ಪಾರದರ್ಶಕ ಹಾಳೆ) ಹಾಕಿ, ನೆರಳನ್ನು ತುಸು ನೀಲಿಗೆ ಬಿಡಬಹುದು. ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ ಎಂಬ ಆರ್ಕೆಸ್ಟ್ರಾ ವೇದಿಕೆಯ ಬೆಳಕು ಈಚೆಗೆ ಬಹಳ ಚಾಲ್ತಿಯಲ್ಲಿದೆ. ಕೇಳಿದವರಿಗೆ ಮಾಡಿಕೊಡುತ್ತೇವೆ, ಒಂದು ವರ್ಷದ ಮೇಲೆ ಅದು ಅವರಿಗೇ ಬೇಸರವಾಗುತ್ತದೆ ಎಂಬ ಮಾತನ್ನೂ ಸೇರಿಸುತ್ತೇವೆ.

ಒಬ್ಬಳೇ ಬರಲು ಸಂಕೋಚ. ಜೊತೆಗೆ ಯಾರನ್ನಾದರೂ ಕರೆತರಬಹುದೇ?

ಖಂಡಿತ. ಕತ್ತಲು ಮಾಡಿದ ಕೋಣೆಯಲ್ಲಿ ಅಪರಿಚಿತರ ಎದುರು ಕೂರುವುದು ಯಾರಿಗೂ ಸುಲಭವಲ್ಲ. ಜೊತೆಯಲ್ಲಿ ಬಂದವರು ಕ್ಯಾಮೆರಾದ ಹಿಂದೆ, ನಿಮಗೆ ಕಾಣುವಂತೆ ಕುಳಿತಿರಬಹುದು. ಆದರೆ ನಡುನಡುವೆ ನಗು ಎಂದು ಹೇಳಬಾರದು. ಗಲ್ಲ, ಸೆರಗು, ಕೂದಲನ್ನು ಸರಿಪಡಿಸುವುದಿದ್ದರೆ ಮುಟ್ಟುವ ಮುಂಚೆ ಕೇಳುತ್ತೇವೆ, ಅಥವಾ ಕನ್ನಡಿ ಹಿಡಿದು ನೀವೇ ಮಾಡಿಕೊಳ್ಳುವಂತೆ ಹೇಳುತ್ತೇವೆ. ಚಿತ್ರವನ್ನು ಜಾಲತಾಣದಲ್ಲಿ ಹಾಕಬೇಕಿದ್ದರೆ ನಿಮ್ಮ ಲಿಖಿತ ಒಪ್ಪಿಗೆ ಬೇಕು.

ಎಡಿಟಿಂಗ್ ಎಷ್ಟು ಮಾಡಬೇಕು? ಮೊಬೈಲಿನಲ್ಲಿ ಚೆನ್ನಾಗಿದ್ದದ್ದು ಪ್ರಿಂಟಿನಲ್ಲಿ ಪೂರ್ತಿ ಕಪ್ಪಾಯಿತೇಕೆ?

ರಾ ಕಡತದಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಕಡತ) ತೆಗೆದು, ಮೊದಲು ಹಿನ್ನೆಲೆಯ ಕಪ್ಪನ್ನು ಸರಿಪಡಿಸಿ, ಅನಂತರ ಮುಖದಲ್ಲಿ ಬೆಳಕಿರುವ ಭಾಗವನ್ನು ಕೂದಲೆಳೆಯಷ್ಟು ಎತ್ತಿ, ನೆರಳಿರುವ ಭಾಗವನ್ನು ಅಷ್ಟೇ ತಗ್ಗಿಸಿದರೆ ಸಾಕು. ಕಾಂಟ್ರಾಸ್ಟ್ ಸ್ಲೈಡರನ್ನು ಒಮ್ಮೆಲೇ ಬಲಕ್ಕೆ ಎಳೆದರೆ ನೆರಳಿನಲ್ಲಿದ್ದ ಕಿವಿ, ಕತ್ತು ಎಲ್ಲವೂ ಒಂದೇ ಕಪ್ಪು ಮುದ್ದೆಯಾಗುತ್ತದೆ. ಮಚ್ಚೆ, ಸುಕ್ಕು, ಹಳೆಯ ಗಾಯದ ಗುರುತುಗಳನ್ನು ಅಳಿಸಬಾರದು. ಅಂದು ಎದ್ದ ಮೊಡವೆಯನ್ನು ಅಳಿಸಬಹುದು.

ಪ್ರಿಂಟ್ ಕಪ್ಪಾಗುವುದಕ್ಕೆ ಕಾರಣ ಪರದೆಯ ಬೆಳಕು. ಮೊಬೈಲಿನ ಮತ್ತು ಲ್ಯಾಪ್‌ಟಾಪಿನ ಪರದೆಗಳು ತಾವೇ ಬೆಳಗುತ್ತವೆ, ಕಾಗದ ಹಾಗೆ ಬೆಳಗುವುದಿಲ್ಲ. ಕತ್ತಲ ಕೋಣೆಯಲ್ಲಿ, ಪರದೆಯ ಬ್ರೈಟ್‌ನೆಸ್ ಪೂರ್ತಿ ಏರಿಸಿಕೊಂಡು ಎಡಿಟ್ ಮಾಡಿದವರಿಗೆ ನೆರಳಿನಲ್ಲಿ ಕಂಡ ವಿವರಗಳು ಕಾಗದದಲ್ಲಿ ಸಿಗುವುದಿಲ್ಲ. ಪರದೆಯ ಬ್ರೈಟ್‌ನೆಸ್ಸನ್ನು ಅರ್ಧಕ್ಕಿಂತ ಕೆಳಗಿಳಿಸಿ ಕೆಲಸ ಮಾಡಬೇಕು. ಕಾಗದದ ಆಯ್ಕೆಯೂ ಮುಖ್ಯ: ಮ್ಯಾಟ್ ಕಾಗದಕ್ಕಿಂತ ಗ್ಲಾಸಿ ಅಥವಾ ಬರೈಟಾ (ಬೇರಿಯಂ ಸಲ್ಫೇಟ್ ಲೇಪವಿರುವ) ಕಾಗದದಲ್ಲಿ ಕಪ್ಪು ಆಳವಾಗಿ ಬರುತ್ತದೆ. ದೊಡ್ಡ ಅಳತೆಯಲ್ಲಿ ಹಾಕಿಸುವ ಮುಂಚೆ ಚಿತ್ರದ ನೆರಳಿನ ಭಾಗವನ್ನಷ್ಟೇ ಕತ್ತರಿಸಿ, ಅದೇ ಕಾಗದದ ಮೇಲೆ ಅಂಗೈಯಗಲದ ಒಂದು ಪರೀಕ್ಷಾ ಪ್ರಿಂಟ್ ಹಾಕಿಸಿ ಹಗಲು ಬೆಳಕಿನಲ್ಲಿ ನೋಡಿ. ಕಪ್ಪು ಹೆಚ್ಚಾಗಿದ್ದರೆ ಇಡೀ ಚಿತ್ರವನ್ನು ಮೇಲೆತ್ತದೆ ನೆರಳುಗಳನ್ನು ಮಾತ್ರ ಕಾಲು ಸ್ಟಾಪಿನಷ್ಟು ಎತ್ತಿ ಇನ್ನೊಂದು ಪರೀಕ್ಷಾ ಪ್ರಿಂಟ್ ತೆಗೆಸಬೇಕು.